ರಂಪಾಟ ಶುರು ಮಾಡಿದ್ದು ಯಾರು?

ಮಾನ್ಯ ಸಂಪಾದಕರೇ,

ಬಸ್ ಸ್ಟ್ಯಾಂಡ್ ಗಲಾಟೆ ಬಗ್ಗೆ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ಸುದ್ದಿ ಓದಿದೆ. ‘ಮಂಗಳಮುಖಿ ರಂಪಾಟ: ಪ್ರಯಾಣಿಕರ ಪರದಾಟ’ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದೀರಿ. ಪರದಾಡಿದವರಲ್ಲಿ ನಾನೂ ಒಬ್ಬಳು. ನಿಮ್ಮ ವರದಿಗಾರರಿಗೆ ಜಗಳದ ಬಾಲ ಮಾತ್ರ ಸಿಕ್ಕಿದೆ. ತಲೆ ನಾನು ಹೇಳುತ್ತೇನೆ, ಕೇಳಿ.

ಆಯಮ್ಮ ಎಲ್ಲರ ಹಾಗೆ ಬಸ್ ಹತ್ತಿದರು. ಶಕ್ತಿ ಯೋಜನೆಯ ಫ್ರೀ ಟಿಕೆಟ್ ಕೇಳಿ, ಮೂಲೆ ಸವೆದ ಆಧಾರ್ ಕಾರ್ಡ್ ತೋರಿಸಿದರು. ಕಂಡಕ್ಟರ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಒಮ್ಮೆ ಫೋಟೊ ನೋಡಿದ, ಒಮ್ಮೆ ಮುಖ ನೋಡಿದ. ‘ಕಾರ್ಡಲ್ಲಿ ಗಂಡಸು ಅಂತಿದೆ, ದುಡ್ಡು ತೆಗಿ’ ಅಂದ. ಅಷ್ಟಕ್ಕೇ ನಿಂತಿದ್ದರೆ ಪಾಪ, ಅವನಿಗೆ ರೂಲ್ಸ್ ಗೊತ್ತಿಲ್ಲ ಅಂತ ಸುಮ್ಮನಿರಬಹುದಿತ್ತು. ಡ್ರೈವರ್ ಕಡೆ ತಿರುಗಿ, ‘ಗಾಡಿ ಸೈಡಿಗೆ ಹಾಕಣ್ಣ, ಒಂಬತ್ತು ಹತ್ತಿದೆ. ಇದನ್ನ ಇಳಿಸಿಯೇ ಹೋಗೋಣ’ ಅಂದ. ಹಿಂದಿನ ಸೀಟಿನ ಹುಡುಗರು ಕಿಸಕ್ಕನೆ ನಕ್ಕರು. ಒಬ್ಬ ಚಪ್ಪಾಳೆಯನ್ನೂ ತಟ್ಟಿದ. ಆಮೇಲೆ ಆಯಮ್ಮ ಕೂಗಾಡಿದರು, ನಿಜ. ಬಾಯಿಗೆ ಬಂದ ಹಾಗೆ ಬೈದರು, ಅದೂ ನಿಜ. ನಿಮ್ಮ ಸುದ್ದಿ ಶುರುವಾಗುವುದೇ ಅಲ್ಲಿಂದ.

ಶಕ್ತಿ ಯೋಜನೆ ಬಂದಿದ್ದು 2023ರ ಜೂನ್‌ನಲ್ಲಿ. ಲಿಂಗತ್ವ ಅಲ್ಪಸಂಖ್ಯಾತರಿಗೂ ಅದು ಉಂಟು ಅಂತ ಮೊದಲ ದಿನವೇ ಸರ್ಕಾರ ಹೇಳಿದೆ. ಟಿಕೆಟ್ ಮಷಿನ್ ಹಿಡಿದವರಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ. ಬಹುಶಃ ಅದೂ ನಮ್ಮ ಊರಿನ ಬಸ್ಸಲ್ಲೇ ಬರುತ್ತಿರಬೇಕು!

ಇನ್ನು ನಮ್ಮ ಪಾಡು. ಬಸ್ಸನ್ನು ಬಿಸಿಲಲ್ಲೇ ನಿಲ್ಲಿಸಿದರು. ಪೊಲೀಸರು ಬರುವ ತನಕ ಹೋಗುವ ಹಾಗಿಲ್ಲ, ಇಳಿದು ಬೇರೆ ಬಸ್ ಹತ್ತೋಣ ಅಂದರೆ ಬೇರೆ ಬಸ್ಸೇ ಇಲ್ಲ. ನನ್ನ ಮಂಡಿ ನೋವು ನನಗೆ, ಪಕ್ಕದ ಬಾಣಂತಿಯ ಮಗು ಒಂದೇ ಸಮನೆ ಅಳು. ಬಸ್ ಸ್ಟ್ಯಾಂಡಿನ ಶೌಚಾಲಯಕ್ಕೆ ಯಾವತ್ತಿನ ಹಾಗೆ ಬೀಗ. ಪಹಣಿಯಲ್ಲಿ ನಮ್ಮ ಮಾವನವರ ಹೆಸರು ತಪ್ಪಾಗಿದೆ, ಅದನ್ನು ಸರಿ ಮಾಡಿಸಲು ಹೊರಟಿದ್ದೆ. ಆಫೀಸಿಗೆ ಹೋಗುವಷ್ಟರಲ್ಲಿ ಊಟದ ಟೈಮು. ಊಟ ಮುಗಿಸಿ ಬಂದವರು ‘ಸರ್ವರ್ ಇಲ್ಲ, ನಾಳೆ ಬನ್ನಿ’ ಅಂದರು. ಇದೆಲ್ಲ ಆಗಿದ್ದು ಒಂದು ಮಾತಿನಿಂದ. ಆ ಮಾತು ಮಾತ್ರ ನಿಮ್ಮ ಸುದ್ದಿಯಲ್ಲಿಲ್ಲ.

ನಾನೇನು ಸಮಾಜ ಸುಧಾರಕಿ ಅಲ್ಲ. ಟೋಲ್ ಗೇಟಲ್ಲಿ ಮಂಗಳಮುಖಿಯರು ಬಂದು ಕಾಸು ಕೇಳಿದರೆ ನನಗೂ ರೇಗುತ್ತದೆ. ಆದರೆ ರೇಗೋದು ಬೇರೆ, ಮನುಷ್ಯರನ್ನ ‘ಇದು’ ಅನ್ನೋದು ಬೇರೆ. ಕಲ್ಲಿಗೆ, ಚೇರಿಗೆ, ಹಸುವಿಗೆ ‘ಇದು’ ಅಂತೀವಿ. ಚಕ್ಕಾ, ಕೋಜಾ, ಒಂಬತ್ತು ಇವೆಲ್ಲ ಬೈಗುಳ ಅಂತ ಆಡುವವರಿಗೂ ಗೊತ್ತು. ‘ಬಂತು, ಹೋಯ್ತು’ ಅನ್ನುವುದು ಬೈಗುಳ ಅಂತ ಯಾರಿಗೂ ಅನ್ನಿಸುವುದೇ ಇಲ್ಲ. ಆ ಕೋಜಾ ಅನ್ನುವ ಮಾತಾದರೂ ಎಲ್ಲಿಯದು? ಸುಲ್ತಾನರ ಕಾಲದಲ್ಲಿ ಖ್ವಾಜಾ ಅಂದರೆ ಯಜಮಾನರು, ದೊಡ್ಡವರು. ಕಲಬುರಗಿಯ ಬಂದೇನವಾಜರ ಹೆಸರಿನ ಮುಂದೆ ಇರುವುದೂ ಅದೇ. ಅರಮನೆಯಲ್ಲಿ ಅಧಿಕಾರ ನಡೆಸಿದ ಇಂಥವರಿಗೂ ಆ ಗೌರವ ಇತ್ತು. ನಮ್ಮ ಬಾಯಲ್ಲಿ ಅದು ಎಲ್ಲಿಗೆ ಬಂದು ನಿಂತಿದೆ ನೋಡಿ. ವಿಧಾನಸೌಧದವರೇನು ಕಡಿಮೆಯಾ? ಎದುರು ಪಕ್ಷದವರನ್ನು ಬೈಯಬೇಕೆಂದರೆ ಶಿಖಂಡಿ, ನಪುಂಸಕ, ಬಳೆ ತೊಟ್ಟುಕೊಳ್ಳಿ. ಅವರೇ ಹಾಗಂದರೆ ಕಂಡಕ್ಟರ್ ಯಾವ ಲೆಕ್ಕ!

ನನ್ನ ತಮ್ಮ ವಕೀಲರ ಹತ್ತಿರ ಗುಮಾಸ್ತ. ಅವನು ಹೇಳಿದ್ದು ಕೇಳಿ ಇನ್ನೂ ಸಿಟ್ಟು ಬಂತು. ಬ್ರಿಟಿಷರು 1871ರಲ್ಲಿ ಒಂದು ಕಾನೂನು ಮಾಡಿ, ಮಕ್ಕಳನ್ನು ಕದಿಯುತ್ತಾರೆ ಅಂತ ಅನುಮಾನ ಬಂದ ‘ಯೂನಕ್’ಗಳ (ಇಂಥವರನ್ನು ಅವರು ಕರೆಯುತ್ತಿದ್ದುದೇ ಹಾಗೆ) ಹೆಸರು, ವಿಳಾಸ ರಿಜಿಸ್ಟರಿನಲ್ಲಿ ಬರೆಸುತ್ತಿದ್ದರಂತೆ. ಅವರು ಹೋದರು, ಬಿಡಿ. ನಮ್ಮವರೇ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅಂತ ಒಂದು ಸೆಕ್ಷನ್ ಸೇರಿಸಿ, ಅದೇ ಪದ, ಅದೇ ಅನುಮಾನ, ಅದೇ ರಿಜಿಸ್ಟರ್ ತಂದರು. ಹೈಕೋರ್ಟಿಗೆ ಕೇಸ್ ಹೋದ ಮೇಲೆ 2016ರಲ್ಲಿ ಆ ಪದ ತೆಗೆದು ‘ವ್ಯಕ್ತಿ’ ಅಂತ ತೇಪೆ ಹಾಕಿದರು. ಮಂಗಳಮುಖಿಯರೂ ಸಮಾನ ಹಕ್ಕಿನ ಪ್ರಜೆಗಳು ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿತ್ತು. ಪದ ಬದಲಿಸಲು ಮತ್ತೆರಡು ವರ್ಷ! ನಮ್ಮ ಪಹಣಿಯಲ್ಲಿ ಒಂದು ಹೆಸರು ತಿದ್ದಲು ಇವರಿಗೆ ಎಷ್ಟು ವರ್ಷ ಬೇಕೋ.

ಇವರ ಹಕ್ಕು ಕಾಯಲೆಂದೇ ಬಂದ 2019ರ ಕೇಂದ್ರ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಮಾತಿನಿಂದ ಹಿಂಸೆ ಕೊಟ್ಟರೂ ಆರು ತಿಂಗಳಿಂದ ಎರಡು ವರ್ಷ ಜೈಲು. ಆವತ್ತು ಬಂದ ಪೊಲೀಸರು ಏನು ಮಾಡಿದರು ಗೊತ್ತಾ? ಕಂಡಕ್ಟರ್‌ಗೆ ಟೀ ಕುಡಿಸಿದರು, ಆಯಮ್ಮನನ್ನು ಜೀಪ್ ಹತ್ತಿಸಿದರು. ಕಾರ್ಡ್ ಬದಲಿಸಿಕೊಳ್ಳಿ ಅಂತ ಒಬ್ಬರು ಉಪದೇಶವನ್ನೂ ಮಾಡಿದರು. ಅದಕ್ಕೆ ಜಿಲ್ಲಾಧಿಕಾರಿಗಳ ಸರ್ಟಿಫಿಕೇಟ್ ಬೇಕು. ನಮ್ಮ ಆಫೀಸುಗಳಲ್ಲಿ ಸರ್ಟಿಫಿಕೇಟ್ ಮಾಡಿಸುವ ಸುಖ ಅನುಭವಿಸಿದವರಿಗೇ ಗೊತ್ತು. ಸತ್ತವರ ಸರ್ಟಿಫಿಕೇಟ್‌ಗೂ ಸತ್ತವರೇ ಬರಬೇಕು ಅನ್ನುವ ಜನ ಇವರು.

ನಮ್ಮ ಬಳ್ಳಾರಿ ಸೀಮೆಯ ಮಂಗಳಮುಖಿ, ಜನಪದ ಕಲಾವಿದೆ ಮಂಜಮ್ಮ ಜೋಗತಿಯವರು 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ರಾಷ್ಟ್ರಪತಿಗಳಿಗೇ ಸೆರಗಿನಿಂದ ದೃಷ್ಟಿ ತೆಗೆದರು. ಆಗ ಎಲ್ಲರಿಗೂ ಹೆಮ್ಮೆ. ಫ್ಲೆಕ್ಸ್ ಹಾಕಿದ್ದೇನು, ಸ್ಟೇಟಸ್ ಇಟ್ಟಿದ್ದೇನು. ಅದೇ ಜನ ಬಸ್ಸಿನಲ್ಲಿ ಹಲ್ಲು ಕಿರಿಯುತ್ತಾರೆ.

ಸಾರಿಗೆಯವರು ತಮ್ಮ ಸಿಬ್ಬಂದಿಗೆ ಬಾಯಿ ಹಿಡಿದು ಮಾತಾಡಲು ಕಲಿಸಲಿ. ಆಗದಿದ್ದರೆ ಆ ರೂಟಿಗೆ ಇನ್ನೊಂದು ಬಸ್ಸಾದರೂ ಬಿಡಲಿ. ಪೊಲೀಸರು 18ನೇ ಸೆಕ್ಷನ್ ಒಮ್ಮೆ ತೆರೆದು ಓದಲಿ, ಕನ್ನಡಕ ಬೇಕಿದ್ದರೆ ನನ್ನದೇ ಕೊಡುತ್ತೇನೆ. ನೀವೂ ಅಷ್ಟೇ, ಮುಂದಿನ ಸಲ ‘ರಂಪಾಟ’ ಅಂತ ಅಚ್ಚು ಹಾಕುವ ಮುಂಚೆ ಬಸ್ಸಿನ ಒಳಗಿದ್ದವರನ್ನು ಒಂದು ಮಾತು ಕೇಳಿ. ಹಾಗೇ ಆ ಶೌಚಾಲಯದ ಬೀಗದ ಕೈ ಯಾರ ಜೇಬಲ್ಲಿದೆ ಅಂತಾನೂ ಸ್ವಲ್ಪ ವಿಚಾರಿಸಿ ಬರೆಯಿರಿ.

ಇತಿ,
ಅದೇ ಬಸ್ಸಿನ ಪ್ರಯಾಣಿಕಳು