ದೊಡ್ಡಬೆಟ್ಟ ಇಳಿದು ಬಂದ ಗೆಳೆಯನಿಗೆ

ಪ್ರೀತಿಯ ಗೆಳೆಯ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಶ್ರವಣಬೆಳಗೊಳದ ದೊಡ್ಡಬೆಟ್ಟ ಹತ್ತಿ ಇಳಿದ ಮೇಲೆ ಮನೆಸಾಲ, ಆಫೀಸು, ಮಕ್ಕಳ ಶಾಲೆ ಎಲ್ಲವೂ ಕಾಲಿಗೆ ಕಟ್ಟಿದ ಗುಂಡುಕಲ್ಲಿನ ಹಾಗೆ ಕಾಣುತ್ತಿವೆ ಎಂದಿದ್ದೀಯ. ಈಗಲೇ ಎಲ್ಲ ಬಿಟ್ಟುಬಿಡಲೇ, ಇಲ್ಲ ರಿಟೈರ್ ಆಗುವ ತನಕ ಕಾಯಲೇ ಎಂದು ಕೇಳಿದ್ದೀಯ. ಎರಡನ್ನೂ ಸ್ವಲ್ಪ ಪಕ್ಕಕ್ಕಿಟ್ಟು ಇದನ್ನು ಓದು. ಸಂಸಾರದಲ್ಲಿರುವವನು ಏನು ಮಾಡಬೇಕೆಂದು ನಮ್ಮ ಶ್ರಾವಕಾಚಾರದಲ್ಲಿ, ಅಂದರೆ ಜೈನ ಗೃಹಸ್ಥರ ನಡತೆಯ ಗ್ರಂಥಗಳಲ್ಲಿ, ಅಳತೆಗೋಲು ಹಿಡಿದೇ ಹೇಳಿದ್ದಾರೆ. ಬಸದಿಗೆ ಹೋಗಿ ಬರುವ ನಾವೇ ಅದನ್ನು ಹೆಚ್ಚಾಗಿ ತೆರೆದು ನೋಡುವುದಿಲ್ಲ.

ಮೊದಲು ನೀನು ನೋಡಿ ಬಂದ ಮೂರ್ತಿಯನ್ನೇ ನೆನೆ. ತೊಡೆಗೂ ತೋಳಿಗೂ ಬಳ್ಳಿ ಹಬ್ಬಿದೆ, ಪಾದದ ಪಕ್ಕದಲ್ಲಿ ಹುತ್ತ ಬೆಳೆದಿದೆ. ಅಣ್ಣನನ್ನು ಗೆದ್ದು, ಗೆದ್ದ ರಾಜ್ಯವನ್ನು ಅಲ್ಲೇ ಬಿಟ್ಟು, ಒಂದು ವರ್ಷ ಅಲುಗಾಡದೆ ನಿಂತವನು ಬಾಹುಬಲಿ. ಆದರೂ ಕೇವಲಜ್ಞಾನ, ಎಲ್ಲವನ್ನೂ ತಿಳಿಯುವ ಪೂರ್ಣ ಅರಿವು, ಆಗಲಿಲ್ಲ. 'ನಾನು ನಿಂತಿರುವ ನೆಲ ಭರತನದು' ಎಂಬ ಒಂದು ಮುಳ್ಳು ಒಳಗೆ ಉಳಿದಿತ್ತು ಎಂದು ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಶಲ್ಯ ಎನ್ನುವುದು ಅದನ್ನೇ. ರಾಜ್ಯ ಬಿಟ್ಟಿತ್ತು, ಬಟ್ಟೆ ಬಿಟ್ಟಿತ್ತು, ಎರಡು ಪಾದದ ಕೆಳಗಿನ ನೆಲದ ಲೆಕ್ಕ ಬಿಟ್ಟಿರಲಿಲ್ಲ. ಭರತನೇ ಬಂದು ಕೈಮುಗಿದ ಮೇಲೆ ಅದು ಕಳಚಿತು. ಇನ್ನು ಆ ಭರತ: ಷಟ್ಖಂಡದ ಚಕ್ರವರ್ತಿ, ಸಿಂಹಾಸನದ ಮೇಲೆ ಕುಳಿತೇ ಇದ್ದವನು. ಅವನಿಗೆ ದೀಕ್ಷೆ ತೆಗೆದುಕೊಂಡ ಅಂತರ್ಮುಹೂರ್ತದಲ್ಲೇ, ಒಂದು ಮುಹೂರ್ತವೂ ತುಂಬುವ ಮುಂಚೆ, ಕೇವಲಜ್ಞಾನವಾಯಿತು ಎನ್ನುತ್ತದೆ ಪುರಾಣ. 16ನೇ ಶತಮಾನದಲ್ಲಿ ಮೂಡಬಿದಿರೆಯ ರತ್ನಾಕರವರ್ಣಿ ತನ್ನ 'ಭರತೇಶ ವೈಭವ'ಕ್ಕೆ ಬಾಹುಬಲಿಯನ್ನು ಬಿಟ್ಟು ಈ ಭರತನನ್ನೇ ನಾಯಕನನ್ನಾಗಿ ಆರಿಸಿಕೊಂಡದ್ದು ಸುಮ್ಮನೆ ಅಲ್ಲ.

ಹೊರಗೆ ಎಷ್ಟು ಬಿಟ್ಟೆ ಎನ್ನುವುದಕ್ಕಿಂತ ಒಳಗೆ ಏನು ಅಂಟಿಕೊಂಡಿದೆ ಎನ್ನುವುದೇ ಇಲ್ಲಿಯ ಮಾತು. ಜೈನ ತತ್ತ್ವದ ಮೂಲಗ್ರಂಥ ತತ್ತ್ವಾರ್ಥಸೂತ್ರ ಇದನ್ನು ಎರಡೇ ಪದದಲ್ಲಿ ಹೇಳಿದೆ: ಮೂರ್ಛಾ ಪರಿಗ್ರಹಃ. ವಸ್ತುವಿನ ಮೇಲಿನ ಮಂಪರೇ ಪರಿಗ್ರಹ, ನನ್ನದೆಂದು ಹಿಡಿದುಕೊಳ್ಳುವುದು. ಸಮಂತಭದ್ರಾಚಾರ್ಯರ 'ರತ್ನಕರಂಡಕ ಶ್ರಾವಕಾಚಾರ' ಇನ್ನೂ ಖಂಡಿತವಾಗಿ ಹೇಳುತ್ತದೆ: ಮೋಹವಿಲ್ಲದ ಗೃಹಸ್ಥ ಮೋಕ್ಷಮಾರ್ಗದಲ್ಲಿದ್ದಾನೆ, ಮೋಹವಿರುವ ಮುನಿ ಅಲ್ಲಿಲ್ಲ. ಇದನ್ನು ಕೇಳಿ 'ಹಾಗಾದರೆ ನಾನಿರುವ ಹಾಗೇ ಸರಿ' ಎಂದು ಕಾಲು ಚಾಚಬೇಡ. ಮೋಹ ಇದೆಯೋ ಇಲ್ಲವೋ ಎಂದು ನಮ್ಮನ್ನು ನಾವೇ ಕೇಳಿಕೊಂಡರೆ ಯಾವಾಗಲೂ ಇಲ್ಲ ಎಂದೇ ಉತ್ತರ ಬರುತ್ತದೆ. ಅದಕ್ಕೇ ಹಿರಿಯರು ಕೈಗೆ ಸಿಗುವ ಒಂದು ವ್ರತ ಇಟ್ಟರು. ಅದರ ಹೆಸರು ಪರಿಗ್ರಹ ಪರಿಮಾಣ. ಇಷ್ಟು ಸಾಕು ಎಂದು ಅಳೆದು, ಅದರಾಚೆಗೆ ಆಸೆ ಪಡದಿರುವುದು. ಇದಕ್ಕೆ ಇಚ್ಛಾಪರಿಮಾಣ ಎಂಬ ಇನ್ನೊಂದು ಹೆಸರೂ ಇದೆ. ನನಗೆ ಆ ಹೆಸರೇ ಹೆಚ್ಚು ಇಷ್ಟ, ಯಾಕೆಂದರೆ ಅಳತೆ ಬೀಳುವುದು ಕಪಾಟಿಗಲ್ಲ, ಆಸೆಗೆ.

ಮಾಡುವುದು ಹೇಗೆ ಎಂದರೆ, ಒಂದು ನೋಟ್‌ಬುಕ್ ತೆಗೆದುಕೋ. ಹಳೆಯ ಪಟ್ಟಿಯಲ್ಲಿ ಹತ್ತು ಬಾಬತ್ತು ಇವೆ: ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯ, ದಾಸಿ, ದಾಸ, ಕುಪ್ಯ, ಭಾಂಡ. ಹೊಲ ಮತ್ತು ಸೈಟು ಕ್ಷೇತ್ರಕ್ಕೆ, ಮನೆ ಫ್ಲಾಟು ವಾಸ್ತುವಿಗೆ, ಬ್ಯಾಂಕಿನ ದುಡ್ಡು ಷೇರು ಹಿರಣ್ಯಕ್ಕೆ. ಧನ ಎಂದರೆ ಆಗ ದನಕರು; ಈಗ ಆ ಜಾಗದಲ್ಲಿ ಗಾಡಿಗಳನ್ನು ಬರೆದುಕೋ. ದಾಸಿ, ದಾಸ ಎಂಬ ಎರಡನ್ನು 'ಈಗ ಇಲ್ಲವಲ್ಲ' ಎಂದು ದಾಟಿ ಹೋಗಬೇಡ. ನಿನ್ನ ಆರಾಮಕ್ಕಾಗಿ ದಿನಕ್ಕೆ ಎಷ್ಟು ಜನ ಓಡುತ್ತಾರೆ, ರಾತ್ರಿ ಹತ್ತಕ್ಕೆ ಮೆಟ್ಟಿಲು ಹತ್ತಿ ಪೊಟ್ಟಣ ಕೊಡುವ ಹುಡುಗನವರೆಗೆ, ಅಲ್ಲಿ ಬರೆ. ಕುಪ್ಯಕ್ಕೆ ಬಟ್ಟೆಬರೆ, ಭಾಂಡಕ್ಕೆ ಪಾತ್ರೆ ಪಗಡೆ. ಫೋನು, ಲ್ಯಾಪ್‌ಟಾಪುಗಳನ್ನು ಎಲ್ಲಿ ಬೇಕಾದರೂ ಸೇರಿಸು, ಬಿಡಬೇಡ ಅಷ್ಟೇ.

ಮೊದಲ ವಾರ ಇರುವುದನ್ನು ಮಾತ್ರ ಬರೆ, ಮಿತಿ ಹಾಕಬೇಡ. ಬೀರು ತೆರೆದು ಅಂಗಿಗಳನ್ನು ಒಂದೊಂದಾಗಿ ಎಣಿಸು. ಅಂದಾಜಿನ ಮೇಲೆ ಬರೆದವರೆಲ್ಲ ಕಡಿಮೆಯೇ ಬರೆಯುತ್ತಾರೆ.

ಆಮೇಲೆ ಮಿತಿ. ಇಲ್ಲಿ ಯಾವ ಅಳತೆಯಲ್ಲಿ ಬರೆಯುತ್ತೀಯ ಎನ್ನುವುದು ಮುಖ್ಯ. ಚಿನ್ನವನ್ನು ಗ್ರಾಂನಲ್ಲಿ ಬರೆ, ರೂಪಾಯಿಯಲ್ಲಿ ಬೇಡ. ಬೆಲೆ ಏರಿದರೆ ನೀನು ಏನೂ ಕೊಳ್ಳದೆಯೇ ವ್ರತ ಮುರಿಯುತ್ತದೆ, ಇಲ್ಲವೇ ಬೆಲೆಯ ನೆಪದಲ್ಲಿ ಮಿತಿಯನ್ನೇ ಪ್ರತಿವರ್ಷ ತಿದ್ದುವ ಚಟ ಅಂಟುತ್ತದೆ. ಜಮೀನು ಎಕರೆ-ಗುಂಟೆಯಲ್ಲಿ, ಮನೆ ಮತ್ತು ಗಾಡಿ ಸಂಖ್ಯೆಯಲ್ಲಿ. ಉಳಿತಾಯವನ್ನು ಮನೆಯ ಒಂದು ವರ್ಷದ ಖರ್ಚಿನ ಇಷ್ಟು ಪಟ್ಟು ಎಂದು ಬರೆ. ಮಕ್ಕಳ ಓದು, ಅಪ್ಪ ಅಮ್ಮನ ಔಷಧಿಗೆ ಬೇಕಾದ್ದನ್ನು ಬೇರೆ ಸಾಲಿನಲ್ಲಿ ಹಾಕು. ಅದನ್ನು ಆಸೆಯ ಲೆಕ್ಕದಲ್ಲಿ ಮುಚ್ಚಿಡಬೇಡ. ಸಾಲ ಇದ್ದರೆ ಸಾಲ ತೀರಿಸು. ಬ್ಯಾಂಕಿಗೆ ಬರೆದುಕೊಟ್ಟ ಮಾತನ್ನು ತಪ್ಪಿಸಿ ಅಧ್ಯಾತ್ಮಕ್ಕೆ ಹೊರಟರೆ ಸತ್ಯ, ಅಚೌರ್ಯ (ಕದಿಯದಿರುವುದು) ಎಂಬ ಗೃಹಸ್ಥನ ಎರಡು ಅಣುವ್ರತಗಳು, ಅಂದರೆ ಚಿಕ್ಕ ವ್ರತಗಳು, ಹೊಸ್ತಿಲಲ್ಲೇ ಬಿದ್ದುಹೋಗುತ್ತವೆ. ನಿನ್ನ ಮನೆಸಾಲ ನಿನ್ನ ಸಾಧನೆಗೆ ಅಡ್ಡಿ ಅಲ್ಲ, ಅದರ ಮೇಲೆ ಎರಡನೇ ಮನೆಗೆ ಲೆಕ್ಕ ಹಾಕುತ್ತಿದ್ದೀಯಲ್ಲ, ಅದು ಅಡ್ಡಿ.

ಪಟ್ಟಿಯ ಕೆಳಗೆ ಒಂದು ಸಾಲು ಕಡ್ಡಾಯ: ಮಿತಿ ದಾಟಿ ಬಂದದ್ದು ಎಲ್ಲಿಗೆ, ಎಷ್ಟು ದಿನದೊಳಗೆ. ಬೋನಸ್ಸು ಬರುತ್ತದೆ, ಪಿತ್ರಾರ್ಜಿತ ಬರುತ್ತದೆ. ಬಂದ ಮೇಲೆ ಯೋಚಿಸಲು ಕುಳಿತರೆ ನೂರು ಕಾರಣ ಹುಟ್ಟುತ್ತವೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಯಾವುದಕ್ಕೆ ಎಂದು ಮೊದಲೇ ಬರೆದಿಡು. ಅತ್ತಿಮಬ್ಬೆಯನ್ನು ದಾನಚಿಂತಾಮಣಿ ಎಂದು ಕರೆದದ್ದು ನಿನಗೆ ಗೊತ್ತು. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಓಲೆಯ ಮೇಲೆ ಬರೆಸಿ ಹಂಚಿದವಳು, 1007ರಲ್ಲಿ ಲಕ್ಕುಂಡಿಯ ಬ್ರಹ್ಮಜಿನಾಲಯ ಕಟ್ಟಿಸಿದವಳು. ಅವಳದು ಸಿರಿವಂತರ ಮನೆ. ಸಿರಿ ಅವಳ ಮನೆಗೆ ಬಂತು, ಅಲ್ಲಿಂದ ಹೊರಗೂ ಹರಿಯಿತು.

ಇನ್ನು ತಪ್ಪುವುದು ಎಲ್ಲಿ? ಶ್ರಾವಕಾಚಾರ ಬರೆದವರು ಇಲ್ಲಿ ನಮ್ಮ ಮನೆಯೊಳಗೇ ಕುಳಿತು ನೋಡಿದ ಹಾಗೆ ಬರೆದಿದ್ದಾರೆ. ಎರಡೇ ಮನೆ ಎಂದು ವ್ರತ ಹಿಡಿದವನು ಮೂರನೆಯದನ್ನು ಕೊಂಡು ನಡುವಿನ ಗೋಡೆ ಒಡೆಸುತ್ತಾನೆ, ಎಣಿಕೆಗೆ ಎರಡೇ. ಹೊಲದ ಬದು ತೆಗೆಸಿ ಎರಡನ್ನು ಒಂದು ಮಾಡುತ್ತಾನೆ. ಪಾತ್ರೆಗಳ ಸಂಖ್ಯೆ ಮೀರಿತು ಎಂದು ಎರಡನ್ನು ಕರಗಿಸಿ ಒಂದು ದೊಡ್ಡ ಹಂಡೆ ಮಾಡಿಸುತ್ತಾನೆ. ಹೆಚ್ಚಾದ ಚಿನ್ನವನ್ನು ವ್ರತದ ಅವಧಿ ಮುಗಿಯುವ ತನಕ ಬೇರೆಯವರ ಕೈಯಲ್ಲಿ ಇಡುತ್ತಾನೆ. ದನಗಳ ಸಂಖ್ಯೆ ಹೇಳುವಾಗ ಹೊಟ್ಟೆಯೊಳಗಿನ ಕರುವನ್ನು ಎಣಿಸುವುದಿಲ್ಲ. ವ್ರತ ಮುರಿದಿಲ್ಲ, ಆದರೆ ಸೋರಿದೆ. ಇಂಥದ್ದಕ್ಕೆ ಅತಿಚಾರ ಎನ್ನುತ್ತಾರೆ. ಹೆಂಡತಿಯ ಹೆಸರಿನಲ್ಲಿ ಸೈಟು, ಮಗನ ಹೆಸರಿನಲ್ಲಿ ಡೆಪಾಸಿಟ್ಟು, ಅವೂ ಇದೇ ಸಾಲಿನವು.

ಸಮಂತಭದ್ರರು ಬೇರೆ ಐದನ್ನು ಹೇಳುತ್ತಾರೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಮೊದಲನೆಯದೂ ಕೊನೆಯದೂ ಎತ್ತು ಕುದುರೆಗಳನ್ನು ಶಕ್ತಿ ಮೀರಿ ನಡೆಸುವುದು, ಭಾರ ಹೇರುವುದು. ಇವತ್ತು ಕೆಳಗೆ ಕೆಲಸ ಮಾಡುವವರಿಗೆ ಅನ್ವಯಿಸಿಕೋ. ನಡುವಿನ ವಿಸ್ಮಯದ ಹತ್ತಿರ ಸ್ವಲ್ಪ ನಿಲ್ಲು. ಇನ್ನೊಬ್ಬನಿಗೆ ಆದ ಲಾಭ ನೋಡಿ 'ಅಯ್ಯೋ, ನಾನೂ ಆಗ ಕೊಂಡಿದ್ದರೆ' ಎಂದು ಕಣ್ಣರಳಿಸಿ ಕೊರಗುವುದು. ನಿನ್ನ ಹತ್ತಿರ ಒಂದು ಪೈಸೆ ಹೆಚ್ಚಿಲ್ಲ, ಪಟ್ಟಿ ಅಚ್ಚುಕಟ್ಟಾಗಿದೆ, ಆದರೂ ವ್ರತ ಸೋರುತ್ತಿದೆ. ಫೋನಿನಲ್ಲಿ ಬೇರೆಯವರ ಗೃಹಪ್ರವೇಶದ ಫೋಟೋ ನೋಡುತ್ತ ಕುಳಿತಾಗ ನಡೆಯುವುದು ಬಹುಪಾಲು ಇದೇ.

ಈ ವ್ರತವಿಲ್ಲದವನ ಗತಿಗೆ ಉದಾಹರಣೆಯಾಗಿ ಸಮಂತಭದ್ರರು ಹೆಸರಿಸುವುದು ಒಬ್ಬ ಬಡವನನ್ನು. ಶ್ಮಶ್ರುನವನೀತ, ಮೀಸೆಬೆಣ್ಣೆಯವನು. ಮಜ್ಜಿಗೆ ಕುಡಿದಾಗ ಮೀಸೆಗೆ ಅಂಟಿದ ಬೆಣ್ಣೆಯನ್ನು ದಿನಾ ಒರೆಸಿ ಕೂಡಿಸಿ ಒಂದು ಗಡಿಗೆ ತುಪ್ಪ ಮಾಡಿಕೊಂಡ. ಚಳಿಗಾಲ, ಗುಡಿಸಲು, ಬೆಂಕಿ, ಕಾಲ ಬಳಿ ಗಡಿಗೆ. ಮಲಗಿಕೊಂಡೇ ತುಪ್ಪ ಮಾರಿ ವ್ಯಾಪಾರ ಹೂಡಿದ, ಸಾಮಂತನಾದ, ರಾಜನಾದ, ಕಾಲೊತ್ತುವ ರಾಣಿಗೆ 'ಒತ್ತಲು ಬರುವುದಿಲ್ಲವೇ' ಎಂದು ಮುದ್ದಿನಿಂದ ಒದ್ದ. ಒದೆ ಬಿದ್ದದ್ದು ಗಡಿಗೆಗೆ. ತುಪ್ಪ ಬೆಂಕಿಗೆ ಬಿತ್ತು, ಗುಡಿಸಲಿನ ಜೊತೆ ಅವನೂ ಸುಟ್ಟುಹೋದ. ಅವನ ಆಸ್ತಿ ಒಂದು ಗಡಿಗೆ, ಆಸೆಗೆ ಮಾತ್ರ ಅಂಚೇ ಇರಲಿಲ್ಲ. ಆಸ್ತಿ ಕಡಿಮೆ ಇದ್ದರೆ ವೈರಾಗ್ಯ ತಾನಾಗಿ ಬರುತ್ತದೆ ಎಂದು ನಂಬಿರುವವರು ಈ ಕತೆ ಓದಬೇಕು.

ಕಾಲದ ಮಿತಿಯನ್ನೂ ಹಾಕಿಕೋ. ಅವಧಿ ಇಟ್ಟು ಹಿಡಿಯುವುದು ನಿಯಮ, ಬದುಕಿರುವ ತನಕ ಹಿಡಿಯುವುದು ಯಮ. ಬೆಟ್ಟ ಇಳಿದ ಬಿಸಿಯಲ್ಲಿ ಯಮಕ್ಕೆ ಕೈ ಹಾಕಬೇಡ. ಊಟ, ವಾಹನ, ಹಾಸಿಗೆ, ಬಟ್ಟೆ, ಒಡವೆ, ಸಂಗೀತ ಮೊದಲಾದ ಭೋಗೋಪಭೋಗಗಳಿಗೆ ಹಿರಿಯರು ಕೊಟ್ಟಿರುವ ಅವಧಿಗಳನ್ನು ನೋಡು: ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ತಿಂಗಳು, ಎರಡು ತಿಂಗಳ ಋತು, ಆರು ತಿಂಗಳ ಅಯನ. ಒಂದು ಹಗಲಿನ ನಿಯಮವೂ ನಿಯಮವೇ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನು ಒಂದು ದಿನ ಬಿಟ್ಟು ನೋಡು. ಆದರೆ ನಿನಗೆಂದು ಬೇರೆ ಅಡುಗೆ ಮಾಡಿಸಬೇಡ. ನಿನ್ನ ತ್ಯಾಗ ಒಲೆಯ ಮುಂದೆ ನಿಂತವರಿಗೆ ಎರಡನೇ ಕೆಲಸ ಆದರೆ ಅದು ತ್ಯಾಗವಲ್ಲ. ಅಷ್ಟಮಿ, ಚತುರ್ದಶಿಯ ಪ್ರೋಷಧೋಪವಾಸ, ಅಂದರೆ ಪರ್ವದಿನದ ಉಪವಾಸ, 16 ಪ್ರಹರ, ಅಂದರೆ 48 ಗಂಟೆ: ಹಿಂದಿನ ದಿನ ಒಂದೇ ಊಟ, ಆ ದಿನ ಪೂರ್ತಿ ಉಪವಾಸ, ಮರುದಿನ ಮತ್ತೆ ಒಂದೇ ಊಟ. ಆ ದಿನ ವ್ಯವಹಾರವನ್ನೂ ಅಲಂಕಾರವನ್ನೂ ಬಿಡಬೇಕು. ಊಟ ಬಿಟ್ಟು ಮೀಟಿಂಗು ಬಿಡದವನಿಗೆ ಸಿಗುವುದು ತಲೆನೋವು, ಸಂಜೆಗೆ ಸಿಡುಕು. ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಲೇಬಾರದು.

ದಿನಕ್ಕೊಂದು ಸಾಮಾಯಿಕ, ಸಮಭಾವದ ಧ್ಯಾನ, ಮಾತ್ರ ಈಗಿಂದಲೇ ಹಿಡಿ. ಒಂದು ಮುಹೂರ್ತ, 48 ನಿಮಿಷ. ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ ನಿಲ್ಲು. ಪಂಚಪರಮೇಷ್ಠಿಗಳಿಗೆ ನಮಿಸುವ ಣಮೋಕಾರ ಮಂತ್ರವನ್ನು 9 ಸಲ, 27 ಉಸಿರಿನಲ್ಲಿ: ಅರಿಹಂತ ಸಿದ್ಧರಿಗೆ ಒಂದು ಉಸಿರು, ಆಚಾರ್ಯ ಉಪಾಧ್ಯಾಯರಿಗೆ ಒಂದು, ಸರ್ವಸಾಧುಗಳಿಗೆ ಒಂದು. ನಾಲ್ಕು ದಿಕ್ಕಿಗೂ ಮೂರು ಮೂರು ಆವರ್ತ (ಜೋಡಿಸಿದ ಕೈ ಸುತ್ತಿಸುವುದು), ಒಂದೊಂದು ಶಿರೋನತಿ (ತಲೆಬಾಗುವುದು). ಆಮೇಲೆ ಕುಳಿತುಕೋ. ಹಿಂದೆ ಜುಟ್ಟಿಗೆ ಅಥವಾ ಬಟ್ಟೆಗೆ ಗಂಟು ಹಾಕಿ, ಅದನ್ನು ಬಿಚ್ಚುವ ತನಕ ಎಂದು ಕಾಲ ಗೊತ್ತು ಮಾಡಿಕೊಳ್ಳುತ್ತಿದ್ದರು. ಶಾಲಿನ ತುದಿಗೆ ಗಂಟು ಹಾಕು, ಫೋನು ಬೇರೆ ಕೋಣೆಯಲ್ಲಿರಲಿ. 48 ಕಷ್ಟವಾದರೆ 24ರಿಂದ ಅಭ್ಯಾಸ ಶುರುಮಾಡು, ಆದರೆ ಹೊತ್ತು ಬದಲಿಸಬೇಡ. ಕೆಡುವುದು ಎರಡು ಕಡೆ: ಬೇಗ ಮುಗಿದರೆ ಸಾಕೆಂಬ ಅನಾದರ, ಎಲ್ಲಿಯವರೆಗೆ ಹೇಳಿದೆ ಎಂಬುದೇ ಮರೆತುಹೋಗುವ ಮರೆವು. ಸಾಮಾಯಿಕದಲ್ಲಿ ಕುಳಿತ ಗೃಹಸ್ಥ, ಯಾರೋ ಮೈಮೇಲೆ ಬಟ್ಟೆ ಎಸೆದುಹೋದ ಮುನಿಯ ಹಾಗೆ ಎಂದಿದ್ದಾರೆ ಸಮಂತಭದ್ರರು. ಆ ಹೊತ್ತಿನಲ್ಲಿ ನಿನ್ನ ಮೈಮೇಲಿನ ಅಂಗಿ ನಿನ್ನದಲ್ಲ. ನೀನು ಬೆಟ್ಟದ ಮೇಲೆ ಹುಡುಕಿದ್ದು ನಿನ್ನ ಮನೆಯ ಮೂಲೆಯಲ್ಲೇ ಇದೆ, ದಿನಕ್ಕೆ 48 ನಿಮಿಷ.

ಬಿಡುವ ಪ್ರಶ್ನೆಗೂ ಕ್ರಮ ಇದೆ. ಶ್ರಾವಕನಿಗೆ 11 ಪ್ರತಿಮೆಗಳು, ಮೆಟ್ಟಿಲುಗಳು. ಪರಿಮಾಣ ಹಾಕಿಕೊಳ್ಳುವುದು 2ನೆಯದರಲ್ಲಿ, ಮೂರು ಹೊತ್ತಿನ ಸಾಮಾಯಿಕ 3ನೆಯದರಲ್ಲಿ. ದುಡಿಮೆ ಬಿಡುವ ಆರಂಭತ್ಯಾಗ 8ನೆಯದು, ಆಸ್ತಿ ಬಿಡುವುದು 9ನೆಯದು. ನೀನು ಒಂದೇ ನೆಗೆತಕ್ಕೆ 8ಕ್ಕೆ ಹಾರಲು ನೋಡುತ್ತಿದ್ದೀಯ. ಅದಕ್ಕೂ ಮೇಲೆ 10ನೆಯದು ಏನು ಗೊತ್ತೇ? ಅನುಮತಿತ್ಯಾಗ, ಮನೆಯ ವ್ಯವಹಾರಕ್ಕೆ ಹೂಂ ಉಹೂಂ ಎನ್ನುವುದನ್ನೂ ಬಿಡುವುದು. ಆಸ್ತಿ ಬಿಟ್ಟ ಮೇಲೂ ಉಳಿಯುವುದು ಆ ಹೂಂ ಉಹೂಂ. ಅಂಗಡಿಯ ಬೀಗದ ಕೈ ಮಗನಿಗೆ ಕೊಟ್ಟಾಗಿದೆ. ಅಪ್ಪ ಜಗಲಿಯಲ್ಲಿ ಜಪಮಾಲೆ ಹಿಡಿದು ಕುಳಿತಿದ್ದಾನೆ. ಮಗ ಹೊರಡುವಾಗ, 'ಆ ಸರಕು ಅವನ ಹತ್ತಿರ ತರಬೇಡ, ದರ ಜಾಸ್ತಿ' ಎನ್ನುತ್ತಾನೆ. ಮದುವೆಗೆ ಯಾವ ಛತ್ರ ಎಂದು ಕೇಳಿದರೆ ಕಣ್ಣು ತೆರೆಯುತ್ತದೆ. ಕೈಯಿಂದ ಹೋದದ್ದು ನಾಲಿಗೆಯಲ್ಲಿ ಉಳಿದಿದೆ. ನಿವೃತ್ತಿಯ ನಂತರ ಎಂದು ಕಾಯುವವರಿಗೆ ಅಲ್ಲಿ ಕಾದಿರುವುದು ಇದೇ. ಅದಕ್ಕೆ ಈಗಲೇ ಒಂದು ವಿಷಯ ಆರಿಸಿಕೊಂಡು, ಮನೆಯ ಪರದೆಯ ಬಣ್ಣವೋ, ಮಗಳು ಓದುವ ಕೋರ್ಸೋ, ಕೇಳದೆ ಅಭಿಪ್ರಾಯ ಹೇಳುವುದಿಲ್ಲ ಎಂದು ಒಂದು ಪಕ್ಷ ನಿಯಮ ಹಿಡಿ. ಉಪವಾಸಕ್ಕಿಂತ ಇದು ಕಷ್ಟ.

ಇನ್ನೊಂದು. ವ್ರತ ಹಿಡಿದದ್ದನ್ನು ಊರಿಗೆಲ್ಲ ಹೇಳಬೇಡ. ಗೊಮ್ಮಟನ ಎದುರು ಹೊರಗೆ ನಿಂತಿದ್ದಾಳಲ್ಲ ಗುಳ್ಳಕಾಯಜ್ಜಿ, ಅವಳನ್ನು ನೋಡಿಕೊಂಡು ಬಂದೆಯೋ ಇಲ್ಲವೋ? ಮೂರ್ತಿ ಕಡೆಸಿದ ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಅಭಿಷೇಕ ಪಾದ ಮುಟ್ಟಲಿಲ್ಲ, ಅವಳ ಗುಳ್ಳಕಾಯಿಯಷ್ಟು ಹಾಲು ಮುಟ್ಟಿತು ಎನ್ನುತ್ತದೆ ಐತಿಹ್ಯ. ಬೆಟ್ಟ ಕಡೆಸಿದವನ ಔದಾರ್ಯದಲ್ಲಿ 'ನಾನು ಮಾಡಿಸಿದೆ' ಎಂಬುದು ಸೇರಿಕೊಂಡಿತ್ತು. ತ್ಯಾಗಿ ಎಂಬ ಹೆಸರೂ ಒಂದು ಆಸ್ತಿಯೇ. ಒಳಗಿನ 14 ಪರಿಗ್ರಹಗಳಲ್ಲಿ ಮಾನವೂ ಒಂದು ಎಂದು ಎಣಿಸಿದ್ದಾರೆ.

ಮನೆಯವರಿಗೆ ಮಾತ್ರ ಹೇಳಲೇಬೇಕು, ಅದೂ ಹಿಡಿಯುವ ಮುಂಚೆ. ಚಿನ್ನದ ಸಾಲಿನಲ್ಲಿ ಅಂಕಿ ಬರೆಯುವ ಮೊದಲು ನಿನ್ನ ಹೆಂಡತಿಯ ಹತ್ತಿರ ಕುಳಿತು ಕೇಳು. ಅವಳ ಒಡವೆ ಅವಳದು, ಅದರ ಮಿತಿ ಹಾಕುವವಳು ಅವಳು. ನಿನ್ನ ಪುಸ್ತಕದಲ್ಲಿ ನಿನ್ನ ಉಂಗುರ, ಸರ ಇಷ್ಟೇ ಬರಲಿ. ಮುಂದಿನ ಅಷ್ಟಮಿಗೆ ಆ ಪಟ್ಟಿಯ ಮೊದಲ ಪುಟ ಕಳಿಸು, ಅಳತೆಗಳನ್ನು ಒಟ್ಟಿಗೆ ನೋಡೋಣ.

ನಿನ್ನ ಗೆಳೆಯ