ಈಟಿ ಇಷ್ಟವಾದರೆ ಈಟಿಯನ್ನೇ ಹಿಡಿ

ಪ್ರೀತಿಯ ಪುಟ್ಟೀ,

ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಫೈನಲ್ ಫ್ಯಾಂಟಸಿ 14 ಅನ್ನುವ ಆನ್‌ಲೈನ್ ಆಟ ಡೌನ್‌ಲೋಡ್ ಮಾಡಿಕೊಂಡಿದ್ದೀಯ. ಮುಖ, ಕೂದಲು, ಕಿವಿ, ಹುಟ್ಟಿದ ದಿನ ಎಲ್ಲ ಆರಿಸಿ ಮುಗಿಸಿದ್ದೀಯ. ಕ್ಲಾಸ್, ಅಂದರೆ ನಿನ್ನ ಪಾತ್ರದ ಕಸುಬು, ಆರಿಸುವ ಕಡೆ ಬಂದು ನಿಂತುಬಿಟ್ಟಿದ್ದೀಯ. ಈಟಿ ಹಿಡಿದ ಲ್ಯಾನ್ಸರ್ ನೋಡಿದ ತಕ್ಷಣ ಇಷ್ಟವಾಯಿತು ಅಂದೆ. ಆದರೆ ಜೊತೆಗೆ ಆಡುವ ಕಾಲೇಜಿನ ಮೂವರು ಗೆಳೆಯರು, "ನಮ್ಮಲ್ಲಿ ಗಾಯ ವಾಸಿ ಮಾಡುವ ಹೀಲರ್ ಇಲ್ಲ, ನೀನು ಹೀಲರ್ ಆಗು, ಹುಡುಗಿಯರಿಗೆ ಅದೇ ಸರಿ" ಅಂದರಂತೆ. ಅದನ್ನು ಹೇಳುವಾಗ ನಿನ್ನ ದನಿ ಸಣ್ಣದಾಯಿತು. ನನಗೆ ಗೊತ್ತಾಯಿತು.

ಮೊದಲು ನಿನ್ನ ಹೆದರಿಕೆಯ ಮಾತು. "ಸರಿಯಾಗಿ ಆರಿಸದಿದ್ದರೆ ಎಲ್ಲ ಮೊದಲಿಂದ ಶುರು ಮಾಡಬೇಕಾಮ್ಮ?" ಅಂತ ಕೇಳಿದೆಯಲ್ಲ. ಬೇಡ. ಆ ಹೆದರಿಕೆ ಬೇರೆ ಆಟಗಳದ್ದು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2004ರಲ್ಲಿ ಬಂದಾಗ ಅದರಲ್ಲಿ 9 ಕ್ಲಾಸ್ ಇದ್ದವು, ಈಗ 13 ಇವೆ. ಅಲ್ಲಿ ಒಂದು ಪಾತ್ರಕ್ಕೆ ಒಂದೇ ಕ್ಲಾಸ್. ಮಂತ್ರವಾದಿಯಾಗಿ ಹುಟ್ಟಿದವಳು ಕೊನೆವರೆಗೂ ಮಂತ್ರವಾದಿಯೇ. ಕತ್ತಿ ಹಿಡಿಯುವ ಆಸೆಯಾದರೆ ಇನ್ನೊಂದು ಪಾತ್ರ ಮಾಡಿ ಬೆಳೆಸಬೇಕು. "ಚೆನ್ನಾಗಿ ಯೋಚಿಸಿ ಆರಿಸು" ಅನ್ನುವ ಸಲಹೆ ಅಂಥ ಆಟ ಆಡಿದವರ ಬಾಯಿಂದ ಬರುತ್ತದೆ. ಅಲ್ಲಿ ಅದು ಸರಿಯೇ.

ನಿನ್ನ ಆಟ ಹಾಗಲ್ಲ. ಇದರ ಮೊದಲ ಆವೃತ್ತಿ 2010ರಲ್ಲಿ ಬಂದು ಸೋತಿತು. ಮಾಡಿದವರು ಅದನ್ನು ನಿಲ್ಲಿಸಿ, ಪೂರ್ತಿ ಹೊಸದಾಗಿ ಕಟ್ಟಿ 2013ರಲ್ಲಿ ಮತ್ತೆ ತಂದರು. ಅಷ್ಟೆಲ್ಲ ಕೆಡವಿದರೂ ಒಂದು ವಿಚಾರವನ್ನು ಉಳಿಸಿಕೊಂಡರು. ಕೈಯಲ್ಲಿ ಯಾವ ಆಯುಧ ಇದೆಯೋ ಅದೇ ನಿನ್ನ ಕ್ಲಾಸ್. ಈಟಿ ಹಿಡಿದರೆ ಲ್ಯಾನ್ಸರ್, ಬಿಲ್ಲು ಹಿಡಿದರೆ ಆರ್ಚರ್, ಕೊಡಲಿ ಹಿಡಿದರೆ ಮರಾಡರ್. 10ನೇ ಲೆವೆಲ್ ತಲುಪಿ, ನಿನ್ನ ಕ್ಲಾಸ್ ಕಲಿಸುವ ಸಂಘ, ಅಂದರೆ ಗಿಲ್ಡ್, ಕೊಡುವ ಆ ಲೆವೆಲ್‌ನ ಕೆಲಸ (ಕ್ವೆಸ್ಟ್) ಮುಗಿಸಿದರೆ ಸಾಕು, ಬೇರೆ ಯಾವ ಗಿಲ್ಡ್‌ಗೆ ಬೇಕಾದರೂ ಹೋಗಿ ಸೇರಬಹುದು. ಅದೇ ಮುಖ, ಅದೇ ಹೆಸರು, ಅದೇ ಕಥೆ. ಒಂದೊಂದು ಕ್ಲಾಸಿನ ಲೆವೆಲ್ ಮಾತ್ರ ಬೇರೆ ಬೇರೆ ಏರುತ್ತದೆ. ಎರಡು ಮೂರು ಸಂಜೆ ಆಡಿದರೆ ಆ 10 ತಾನಾಗಿ ಬಂದುಬಿಡುತ್ತದೆ.

ಹಾಗಾದರೆ ಈಗ ಆರಿಸುವುದರಿಂದ ಏನು ವ್ಯತ್ಯಾಸ ಅಂತ ಕೇಳಬಹುದು. ಒಂದು, ನೀನು ಯಾವ ಊರಿನಲ್ಲಿ ಕಣ್ಣು ಬಿಡುತ್ತೀಯ ಅನ್ನುವುದು. ಎಂಟು ಕ್ಲಾಸ್‌ಗಳನ್ನು ಮೂರು ಊರಿಗೆ ಹಂಚಿದ್ದಾರೆ. ಲ್ಯಾನ್ಸರ್, ಆರ್ಚರ್, ಕಂಜ್ಯೂರರ್ ಆದರೆ ಕಾಡಿನ ನಡುವಿನ ಗ್ರಿಡಾನಿಯಾ. ಮರಾಡರ್, ಆರ್ಕನಿಸ್ಟ್ ಆದರೆ ಸಮುದ್ರದ ಮೇಲೆ ಬಿಳಿ ಗೋಪುರಗಳಾಗಿ ನಿಂತಿರುವ ಲಿಮ್ಸಾ ಲೊಮಿನ್ಸಾ. ಗ್ಲಾಡಿಯೇಟರ್, ಪ್ಯೂಜಿಲಿಸ್ಟ್, ಥಾಮಟರ್ಜ್ ಆದರೆ ಮರುಭೂಮಿಯ ಉಲ್ದಾ. ಮೊದಲ 15 ಲೆವೆಲ್‌ವರೆಗೆ ಆ ಊರಿನ ಜನ, ಆ ಊರಿನ ಜಗಳ, ಆ ಊರಿನ ಹಾಡು. ಆಮೇಲೆ ಹಾರುವ ಹಡಗು ಹತ್ತಿ ಮೂರೂ ಕಡೆ ಓಡಾಡಬಹುದು. ಗ್ರಿಡಾನಿಯಾದ ರಾತ್ರಿಯ ಸಂಗೀತ ಎಷ್ಟು ಚೆನ್ನಾಗಿದೆ ಗೊತ್ತಾ! ಓಡಬೇಡ, ಸ್ವಲ್ಪ ಹೊತ್ತು ನಿಂತು ಕೇಳು.

ಎರಡನೆಯದು ದೊಡ್ಡದು. ಅದನ್ನು ಹೇಳಬೇಕೆಂದೇ ಇಷ್ಟು ಉದ್ದದ ಪತ್ರ. ಕ್ಲಾಸ್ ಅಂದರೆ ಎಷ್ಟು ಜೋರಾಗಿ ಹೊಡೆಯುತ್ತೀಯ ಅನ್ನುವುದಕ್ಕಿಂತ, ಆಡುವಾಗ ನಿನ್ನ ಕಣ್ಣು ಎಲ್ಲಿರುತ್ತದೆ ಅನ್ನುವುದು.

ಡಂಜನ್, ಅಂದರೆ ಗುಂಪಾಗಿ ಹೋಗಿ ರಾಕ್ಷಸರನ್ನು ಎದುರಿಸುವ ಜಾಗ. ಅಲ್ಲಿಗೆ ನಾಲ್ಕು ಜನ ಹೋಗುತ್ತಾರೆ. ಮುಂದೆ ನಿಂತು ಪೆಟ್ಟು ತಿನ್ನುವ ಒಬ್ಬ ಟ್ಯಾಂಕ್, ಒಬ್ಬ ಹೀಲರ್, ಇಬ್ಬರು ಹೊಡೆಯುವವರು. ಟ್ಯಾಂಕ್ ನೀಲಿ ಬಣ್ಣ, ಹೀಲರ್ ಹಸಿರು, ಹೊಡೆಯುವವರು ಕೆಂಪು. ಟ್ಯಾಂಕ್ ಆದವಳ ಕಣ್ಣು ರಾಕ್ಷಸರ ಮೇಲೆ. ಯಾವುದು ತನ್ನನ್ನು ಬಿಟ್ಟು ಹಿಂದಿರುವವರ ಕಡೆ ತಿರುಗುತ್ತಿದೆ ಅಂತ ನೋಡುತ್ತಲೇ ಇರಬೇಕು. ದೊಡ್ಡ ರಾಕ್ಷಸ, ಅಂದರೆ ಬಾಸ್‌ನ ಮುಖವನ್ನು ಉಳಿದ ಮೂವರಿಂದ ಆಚೆ ತಿರುಗಿಸಿ ಹಿಡಿದುಕೊಳ್ಳಬೇಕು. ಮುಂದೆ ಹೋಗುವವಳು ಅವಳೇ. ಅವಳು ನಡೆದಷ್ಟೇ ಬೇಗ ಎಲ್ಲರೂ ನಡೆಯುತ್ತಾರೆ. ನಾನು ಮರಾಡರ್ ಆಗಿ ಶುರು ಮಾಡಿ ಅದರ ಮುಂದಿನ ಹಂತವಾದ ವಾರಿಯರ್ ಆಗಿರುವುದು ಇದೇ ಕಾರಣಕ್ಕೆ. ದೊಡ್ಡದೊಂದು ನನ್ನ ಮುಂದೆ ನಿಂತು ಕಿರುಚಬೇಕು, ನಾನು ಅಲ್ಲಾಡಬಾರದು. ನನಗೆ ಆಟದಲ್ಲಿ ಬೇಕಾಗಿದ್ದು ಅದು. ಇಷ್ಟು ವರ್ಷ ಆದರೂ ಆ ಕೊಡಲಿ ನನಗೆ ಬೇಜಾರಾಗಿಲ್ಲ.

ಹೀಲರ್‌ನ ಕಣ್ಣು ಬೇರೆ. ಮದುವೆಮನೆಯಲ್ಲಿ ಬಡಿಸುವವರನ್ನು ನೋಡಿದ್ದೀಯಲ್ಲ, ಪಂಕ್ತಿಯ ಉದ್ದಕ್ಕೂ ಯಾರ ಎಲೆ ಖಾಲಿಯಾಯಿತು ಅಂತ ನೋಡುತ್ತಾ ಹೋಗುತ್ತಾರೆ. ಹಾಗೆ ನಾಲ್ವರ ಜೀವದ ಪಟ್ಟಿ ಮೇಲೆಯೇ ಅವಳ ದೃಷ್ಟಿ. ಯಾರದು ಇಳಿಯುತ್ತಿದೆ, ಈಗಲೇ ಕ್ಯೂರ್ ಮಂತ್ರ ಹಾಕಬೇಕಾ, ಇನ್ನೊಂದು ಪೆಟ್ಟು ತಡೆಯುತ್ತಾರಾ ಅನ್ನುವ ಲೆಕ್ಕ ಸದಾ ನಡೆಯುತ್ತಿರುತ್ತದೆ. ಎಲ್ಲರೂ ಚೆನ್ನಾಗಿದ್ದಾಗ ಸುಮ್ನೆ ನಿಲ್ಲುವಂತಿಲ್ಲ, ಅವಳೂ ಕಲ್ಲು ಎಸೆದು ಗಾಳಿ ಬೀಸಿ ಹೊಡೆಯಬೇಕು. ಇದು ತುಂಬ ಚುರುಕಿನ ಕೆಲಸ. ಧೈರ್ಯದ ಕೆಲಸ ಕೂಡ. ಟ್ಯಾಂಕ್ ಬಿದ್ದ ಕ್ಷಣದಲ್ಲಿ ಎಲ್ಲರ ಆಟ ಅವಳ ಕೈಯಲ್ಲಿರುತ್ತದೆ. ಅದನ್ನು "ಹುಡುಗಿಯರಿಗೆ ಸರಿ" ಅನ್ನುವವರು ಹುಡುಗಿಯರನ್ನೂ ಅರ್ಥ ಮಾಡಿಕೊಂಡಿಲ್ಲ, ಹೀಲರ್ ಕೆಲಸವನ್ನೂ ಅರ್ಥ ಮಾಡಿಕೊಂಡಿಲ್ಲ. ಪಕ್ಕದಲ್ಲಿ ಕೂತು ಎಲ್ಲರ ಬೇಕುಬೇಡ ನೋಡಿಕೊಳ್ಳುವುದು ಹೆಣ್ಣಿನ ಪಾಲು ಅನ್ನುವ ಹಳೇ ಮಾತು ನಮ್ಮ ಮನೆಯೊಳಗೆ ಬರದ ಹಾಗೆ ನಿನ್ನಜ್ಜಿ ನೋಡಿಕೊಂಡರು, ನಾನೂ ನೋಡಿಕೊಂಡೆ. ಈಗ ಅದು ಒಂದು ಆಟದ ಮೂಲಕ ನಿನ್ನ ಹತ್ತಿರ ಬರುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಮೂವರ ಜೀವ ನೋಡಿಕೊಳ್ಳುವುದರಲ್ಲಿ ನಿನಗೇ ಖುಷಿ ಇದ್ದರೆ ಖಂಡಿತ ಕಂಜ್ಯೂರರ್ ಆಗು, ನಾನೇ ಮೊದಲು ಚಪ್ಪಾಳೆ ತಟ್ಟುತ್ತೇನೆ. ಬೇರೆಯವರು ನಿನ್ನನ್ನು ಅಲ್ಲಿ ಕೂರಿಸಿದರು ಅಂತ ಮಾತ್ರ ಆಗಬೇಡ.

ಇನ್ನು ಹೊಡೆಯುವವರು. ಇವರ ಕಣ್ಣು ತಮ್ಮ ಕೈಯ ಮೇಲೆಯೇ. ಯಾವ ಹೊಡೆತದ ನಂತರ ಯಾವುದು, ಯಾವುದನ್ನು ಬಾಕಿ ಇಟ್ಟುಕೊಳ್ಳಬೇಕು ಅನ್ನುವ ಲಯ. ಥಾಮಟರ್ಜ್ ಬೆಂಕಿ ಹಾಕಿ ಶಕ್ತಿ ಖಾಲಿ ಮಾಡಿಕೊಂಡು, ಮಂಜು ಹಾಕಿ ಅದನ್ನು ತುಂಬಿಕೊಳ್ಳುತ್ತಾನೆ. ಮಂತ್ರ ಮುಗಿಯುವವರೆಗೆ ನಿಂತಲ್ಲೇ ನಿಂತಿರಬೇಕು. ಆರ್ಚರ್ ಓಡಾಡುತ್ತಲೇ ಬಾಣ ಬಿಡಬಹುದು, ಹೊಸಬರಿಗೆ ತುಂಬ ಆರಾಮ. ಆರ್ಕನಿಸ್ಟ್ ನನಗೆ ಬಹಳ ಪ್ರೀತಿಯ ಕ್ಲಾಸ್, ಅವರ ಆಯುಧವೇ ಪುಸ್ತಕ. ಅವರ ಗಿಲ್ಡ್ ಇರುವುದು ಲಿಮ್ಸಾ ಬಂದರಿನ ಸುಂಕದ ಕಚೇರಿಯಲ್ಲಿ. ಹಡಗಿನಲ್ಲಿ ಬಂದ ಸರಕನ್ನು ಪರೀಕ್ಷಿಸುವವರೂ ಅವರೇ, ಲೆಕ್ಕ ಮತ್ತು ರೇಖಾಗಣಿತದಿಂದ ಮಂತ್ರ ಮಾಡುವವರೂ ಅವರೇ. ಅದನ್ನೊಂದು ಬೆಳೆಸಿದರೆ 30ನೇ ಲೆವೆಲ್‌ನಿಂದ ಹೊಡೆಯುವ ಸಮನರ್, ಗುಣಪಡಿಸುವ ಸ್ಕಾಲರ್ ಎರಡೂ ಒಟ್ಟಿಗೆ ಏರುತ್ತವೆ. ಏನು ಬೇಕು ಅಂತ ಗೊತ್ತೇ ಇಲ್ಲದವರಿಗೆ ನಾನು ಯಾವಾಗಲೂ ಅದನ್ನೇ ಹೇಳುತ್ತೇನೆ.

ಆದರೆ ನಿನಗೆ ಗೊತ್ತಿದೆ. ಈಟಿ ಅಂದೆ, ಅಲ್ವಾ?

ಲ್ಯಾನ್ಸರ್ ಹತ್ತಿರ ಹೋಗಿ ಹೊಡೆಯುವ ಕ್ಲಾಸ್. ಟ್ರೂ ಥ್ರಸ್ಟ್ ಆದಮೇಲೆ ವೋರ್ಪಲ್ ಥ್ರಸ್ಟ್, ಹೀಗೆ ಒಂದರ ಬಾಲ ಹಿಡಿದು ಇನ್ನೊಂದು. 30ಕ್ಕೆ ಡ್ರಗೂನ್ ಆಗುತ್ತೀಯ. ಆಕಾಶಕ್ಕೆ ಹಾರಿ ರಾಕ್ಷಸನ ಮೇಲೆ ಇಳಿಯುತ್ತೀಯ. ಆ ಜಿಗಿತ ಮೊದಲ ಸಲ ಕೈಗೆ ಬಂದಾಗ ನನಗೆ ಫೋನ್ ಮಾಡಲೇಬೇಕು, ಮಧ್ಯರಾತ್ರಿಯಾದರೂ ಪರವಾಗಿಲ್ಲ. ಜಿಗಿಯುವ ಆ ಹೊತ್ತಿನಲ್ಲಿ ಪಕ್ಕಕ್ಕೆ ಸರಿಯಲು ಆಗುವುದಿಲ್ಲ. ನೆಲದ ಮೇಲೆ ಅಪಾಯದ ಗುರುತು ಮೂಡಿದಾಗ ಜಿಗಿದು ಸಾಯುವ ಡ್ರಗೂನ್‌ಗಳು ಜಾಸ್ತಿ. ಮುಂದೆ ಕೆಲವು ಹೊಡೆತಗಳನ್ನು ರಾಕ್ಷಸನ ಬೆನ್ನ ಹಿಂದೆಯೋ ಪಕ್ಕದಲ್ಲೋ ನಿಂತು ಹೊಡೆದರೆ ಪೆಟ್ಟು ಹೆಚ್ಚು. ಅದೆಲ್ಲ ನಿಧಾನವಾಗಿ ಬರುತ್ತದೆ. 30ರಲ್ಲಿ ಕೊಡುವ ಸೋಲ್ ಕ್ರಿಸ್ಟಲ್ ಹಾಕಿಕೊಳ್ಳುವುದನ್ನು ಮರೆಯಬೇಡ. ಅದನ್ನು ಹಾಕಿಕೊಂಡರೆ ಮಾತ್ರ ನೀನು ಡ್ರಗೂನ್.

ನಾವಿರುವ ಜಾಗದ ಕಷ್ಟ ಒಂದಿದೆ. ಈ ಆಟದ ಸರ್ವರ್ ಜಪಾನ್, ಉತ್ತರ ಅಮೆರಿಕ, ಯುರೋಪ್, ಓಷಿಯಾನಿಯಾ ಕಡೆ ಇವೆ. ಭಾರತದಲ್ಲಿ ಇಲ್ಲ. ನೀನು ಮಣಿಪಾಲದಲ್ಲಿ ಒತ್ತಿದ ಗುಂಡಿ ಸಮುದ್ರ ದಾಟಿ ಹೋಗಿ ಬರಬೇಕು. ಅದರ ಮೇಲೆ ನಿನ್ನ ಹಾಸ್ಟೆಲ್ ವೈಫೈ! ಆದರೂ ಹೆದರಬೇಕಿಲ್ಲ. ಇಲ್ಲಿ ಒಂದು ಮುಖ್ಯ ಹೊಡೆತಕ್ಕೂ ಇನ್ನೊಂದಕ್ಕೂ ಸುಮಾರು 2.5 ಸೆಕೆಂಡ್ ಅಂತರ ಇರುತ್ತದೆ, ಶುರುವಿನಲ್ಲಿ ಅಷ್ಟು ಬಿಡುವು ಸಾಕು. ನೆಲದ ಮೇಲಿನ ಗುರುತಿನ ವಿಷಯದಲ್ಲಿ ಮಾತ್ರ ಎಚ್ಚರ. ರಾಕ್ಷಸನ ಮಂತ್ರದ ಪಟ್ಟಿ ತುಂಬಿದ ಕ್ಷಣದಲ್ಲೇ ಯಾರಿಗೆ ತಗುಲಿತು ಅನ್ನುವುದು ತೀರ್ಮಾನ ಆಗಿಬಿಡುತ್ತದೆ. ಸ್ಫೋಟ ಕಾಣುವುದು ಆಮೇಲೆ. ಅದಕ್ಕೇ ಕೊನೆಯ ಕ್ಷಣದವರೆಗೆ ಕಾಯಬೇಡ, ಬೇಗ ಆಚೆ ಬಾ. ಸತ್ತರೂ ಚಿಂತೆ ಇಲ್ಲ. ಗಳಿಸಿದ ಲೆವೆಲ್ ಎಲ್ಲೂ ಹೋಗುವುದಿಲ್ಲ, ಬಟ್ಟೆ ಆಯುಧ ಸ್ವಲ್ಪ ಸವೆಯುತ್ತವೆ ಅಷ್ಟೆ.

ಇನ್ನು ನಿನ್ನ ಗೆಳೆಯರ ಕಷ್ಟ. ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಒಬ್ಬ ಗ್ಲಾಡಿಯೇಟರ್, ಇಬ್ಬರು ಹೊಡೆಯುವವರು, ಜೊತೆಗೆ ನೀನೂ ಈಟಿ ಹಿಡಿದರೆ ನಾಲ್ಕು ಜನ ಸೇರಿ, ಡಂಜನ್‌ಗೆ ಕಳಿಸುವ ಡ್ಯೂಟಿ ಫೈಂಡರ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಹೋಗಲು ಆಗುವುದಿಲ್ಲ. ಅದು ಹೀಲರ್ ಕೇಳುತ್ತದೆ. ಹೀಲರ್ ಯಾರಾದರೂ ಆಗಲೇಬೇಕು, ಸರಿ. ಅದು ನೀನೇ ಆಗಬೇಕು ಅಂತ ಯಾರು ಹೇಳಿದರು? ಸರದಿ ಹಾಕಿಕೊಳ್ಳಿ. 15 ದಾಟಿ ಹಾರುವ ಹಡಗು ಸಿಕ್ಕಿದ ಮೇಲೆ ಎಲ್ಲರೂ ಗ್ರಿಡಾನಿಯಾಗೆ ಬಂದು ಕಂಜ್ಯೂರರ್ ಗಿಲ್ಡ್ ಸೇರಬಹುದು. ಒಂದು ವಾರ ಒಬ್ಬ, ಇನ್ನೊಂದು ವಾರ ಇನ್ನೊಬ್ಬ. ನಿನ್ನ ಸರದಿಯೂ ಬರಲಿ. ಆಗ ಕೆಲಸ ಎಷ್ಟು ಕಷ್ಟ ಅಂತ ನಾಲ್ವರಿಗೂ ಗೊತ್ತಿರುತ್ತದೆ. ಹೀಲರ್ ಮೇಲೆ ಯಾರೂ ಕೂಗಾಡುವುದಿಲ್ಲ. ಇದನ್ನು ನೀನೇ ಅವರಿಗೆ ಹೇಳು, ನೇರವಾಗಿ ಹೇಳು. ಒಳ್ಳೆ ಗೆಳೆಯರಾದರೆ ಒಪ್ಪುತ್ತಾರೆ. ಒಪ್ಪಲಿಲ್ಲ ಅಂದರೆ ಮೊದಲ ಡಂಜನ್ ಸಸ್ತಾಶಾಗೆ ಆಟದ ಪಾತ್ರಗಳನ್ನೇ ಜೊತೆಗೆ ಕರೆದುಕೊಂಡು ಹೋಗುವ ಡ್ಯೂಟಿ ಸಪೋರ್ಟ್ ಇದೆ. ಅವರು ಯಾವತ್ತೂ ಅವಸರ ಮಾಡುವುದಿಲ್ಲ. 15ನೇ ಲೆವೆಲ್‌ಗೆ ಆ ಗುಹೆ ತೆರೆಯುತ್ತದೆ. ಒಳಗೆ ಕಡಲ್ಗಳ್ಳರು, ಬಣ್ಣಬಣ್ಣದ ಹವಳ. ಯಾವ ಬಣ್ಣದ ಹವಳ ಮುಟ್ಟಬೇಕು ಅಂತ ಒಂದು ಚೀಟಿಯಲ್ಲಿ ಬರೆದಿರುತ್ತದೆ, ಓದದೆ ಮುಟ್ಟಬೇಡ.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಈಗಲೇ ಏನೂ ಕೊಳ್ಳಬೇಡ. ಫ್ರೀ ಟ್ರಯಲ್‌ನಲ್ಲಿ 70ನೇ ಲೆವೆಲ್‌ವರೆಗೆ ಎಷ್ಟು ದಿನ ಬೇಕಾದರೂ ಆಡಬಹುದು. ಒಮ್ಮೆ ದುಡ್ಡು ಕೊಟ್ಟು ಕೊಂಡರೆ ಅದೇ ಖಾತೆಯಲ್ಲಿ ಮತ್ತೆ ಟ್ರಯಲ್‌ಗೆ ವಾಪಸ್ ಬರಲು ಆಗುವುದಿಲ್ಲ. ಟ್ರಯಲ್‌ನಲ್ಲಿರುವವರು ತಾವಾಗಿ ಪಾರ್ಟಿ, ಅಂದರೆ ಆಡುವ ಗುಂಪು, ಕಟ್ಟುವಂತಿಲ್ಲ, ಬೇರೆಯವರು ಕರೆದರೆ ಸೇರಬಹುದು. ನಿಮ್ಮಲ್ಲಿ ಒಬ್ಬ ಕೊಂಡಿದ್ದಾನೆ ಅಂದೆಯಲ್ಲ, ಅವನೇ ಎಲ್ಲರನ್ನೂ ಕರೆಯಲಿ.

ಕ್ಲಾಸ್ ಒತ್ತಿದ ಮೇಲೆ ವರ್ಲ್ಡ್, ಅಂದರೆ ಯಾವ ಸರ್ವರ್, ಅಂತ ಕೇಳುತ್ತದೆ. ಗೆಳೆಯರು ಇರುವ ವರ್ಲ್ಡ್ ಹೆಸರನ್ನು ಮೊದಲೇ ಕೇಳಿ ಬರೆದಿಟ್ಟುಕೋ. ಆಮೇಲೆ ಹೆಸರು, ಎರಡು ಭಾಗ ಬೇಕು. ನಿನ್ನ ನಿಜವಾದ ಹೆಸರು ಹಾಕಬೇಡ, ಗುರುತಿಲ್ಲದವರ ನಡುವೆ ಅದು ಬೇಡ. ಎಲ್ಲ ಆದಮೇಲೆ ವರ್ಲ್ಡ್ ಮತ್ತು ಹೆಸರು ಎರಡನ್ನೂ ನನಗೆ ಮೆಸೇಜ್ ಮಾಡು. ನಾನು 100ನೇ ಲೆವೆಲ್‌ನಲ್ಲಿದ್ದರೂ ಸಸ್ತಾಶಾ ಒಳಗೆ ಆಟವೇ ನನ್ನನ್ನು ನಿನ್ನ ಮಟ್ಟಕ್ಕೆ ಇಳಿಸುತ್ತದೆ, ಅದಕ್ಕೆ ಅಮ್ಮ ಇದ್ದಾಳೆ ಅಂತ ಆರಾಮ ಆಗಬೇಡ. ಒಂದು ಭಾನುವಾರ ನಿಮ್ಮ ಗ್ಲಾಡಿಯೇಟರ್ ಹೀಲರ್ ಸರದಿ ತಗೊಳ್ಳಲಿ, ಇನ್ನೊಬ್ಬನಿಗೆ ರಜೆ ಕೊಡಿ, ಟ್ಯಾಂಕ್ ಆಗಿ ನಾನು ಬರುತ್ತೇನೆ.

ಊಟ ಬಿಟ್ಟು ಆಡಬೇಡ. ಪರೀಕ್ಷೆಯ ತಾರೀಖು ಗೊತ್ತಾದ ಮೇಲೆ ತಿಳಿಸು, ಅದನ್ನು ನೋಡಿಕೊಂಡೇ ಭಾನುವಾರ ಗೊತ್ತು ಮಾಡೋಣ.

ನಿನ್ನ
ಅಮ್ಮ