ರಿಪೀಟರ್ ಬಾಡಿಗೆ ಬದಲಾಗುತ್ತಿದೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಸರ್ವೇಯರ್ ಮಿತ್ರರಿಗೆ, ಗುತ್ತಿಗೆದಾರರಿಗೆ ನಮಸ್ಕಾರ.

ಮುಂದಿನ ತಿಂಗಳು ಒಂದನೇ ತಾರೀಖಿನಿಂದ ಬೇಸ್-ರೋವರ್ ಸೆಟ್ (ಒಂದೇ ಕಡೆ ನಿಂತು ರೇಡಿಯೋದಲ್ಲಿ ತಿದ್ದುಪಡಿ ಕಳಿಸುವ ಬೇಸ್, ಅದನ್ನು ಕೇಳಿಸಿಕೊಂಡು ಉಪಗ್ರಹದಿಂದ ಜಾಗ ಅಳೆಯುತ್ತಾ ಓಡಾಡುವ ರೋವರ್) ಜೊತೆ, ಬೇಸ್ ಮಾತನ್ನು ದೂರಕ್ಕೆ ಮುಟ್ಟಿಸುವ ರೇಡಿಯೋ ರಿಪೀಟರ್ ಉಚಿತವಾಗಿ ಸಿಗುವುದಿಲ್ಲ. ಬೇಕಾದವರಿಗೆ ದಿನಕ್ಕೆ 500 ರೂಪಾಯಿ ಬಾಡಿಗೆ, ಅದರ ಮೇಲೆ 18% ಜಿಎಸ್‌ಟಿ. ನಮ್ಮ ಹುಡುಗರು ಸೈಟಿಗೇ ಬಂದು ನೋಡಬೇಕೆಂದರೆ ಗಾಡಿ ಖರ್ಚು ನಿಮ್ಮದು. ಆದರೆ ದೋಷ ನಮ್ಮ ಯಂತ್ರದ್ದೇ ಅಂತ ಕಂಡರೆ ಗಾಡಿ ಖರ್ಚೂ ಬೇಡ, ಆ ದಿನದ ಬಾಡಿಗೆಯೂ ಬೇಡ.

ಇಷ್ಟು ವರ್ಷ ಸುಮ್ನೆ ಕೊಡುತ್ತಿದ್ದವರು ಈಗ ದುಡ್ಡು ಕೇಳುತ್ತಿದ್ದಾರಲ್ಲ ಅಂತ ಬೇಜಾರಾಗುವುದು ಸಹಜ. ಅದಕ್ಕೆ ಕ್ಷಮೆ ಇರಲಿ. ಆದರೆ "ಅಂಗಡಿಯವರು ದುಡ್ಡಿಗೆ ಬಿದ್ದರು" ಅನ್ನುವ ಮಾತು ನಮ್ಮ ಕಿವಿಗೂ ಬಿದ್ದಿದೆ. ಆ ಮಾತು ನ್ಯಾಯವಲ್ಲ. ಜಿಎಸ್‌ಟಿ ನಮ್ಮ ಜೇಬಿಗೆ ಬರುವುದಿಲ್ಲ. ಆಂಟೆನಾ ಹಾಕದೆ 35 ವ್ಯಾಟ್ ರೇಡಿಯೋ ಆನ್ ಮಾಡಿದರೆ ಪವರ್ ಹೊರಗೆ ಹೋಗಲು ದಾರಿಯಿಲ್ಲದೆ ವಾಪಸ್ ಬಂದು ಒಳಗಿನ ಆಂಪ್ಲಿಫೈಯರನ್ನೇ ಸುಡಬಹುದು. ಹಾಗೆ ಸುಟ್ಟದ್ದನ್ನು ಬದಲಿಸುವ ಖರ್ಚು ನಾವೇ ಹೊತ್ತಿದ್ದೇವೆ, ಯಾರ ಬಿಲ್ಲಿಗೂ ಹಾಕಿಲ್ಲ. ಕೇಬಲ್ ಕಥೆಯೂ ಅಷ್ಟೇ. ಆಗುಂಬೆ, ಹೊಸನಗರದ ಕಡೆಯಿಂದ ಮಳೆಗಾಲದಲ್ಲಿ ವಾಪಸ್ ಬರುವ ಆಂಟೆನಾ ಕೇಬಲ್ ಹೊರಗಿನಿಂದ ಹೊಸದರಂತೆ ಕಾಣುತ್ತದೆ. ಕನೆಕ್ಟರ್ ಬಿಚ್ಚಿ ಸಿಪ್ಪೆ ಸುಲಿದರೆ ಒಳಗಿನ ತಾಮ್ರದ ಜಾಲರಿಗೆ ಹಸಿರು ಕಿಲುಬು ಹಿಡಿದಿರುತ್ತದೆ, ಒತ್ತಿದರೆ ನೀರು ಜಿನುಗುತ್ತದೆ. ಆಮೇಲೆ ಆ ಕೇಬಲ್ ಕಸಕ್ಕೇ. ನೀರು ನುಗ್ಗುವುದು ಕನೆಕ್ಟರ್ ಮೇಲೆ ಸುತ್ತಿದ ರಬ್ಬರ್ ಟೇಪ್ ಬಿಚ್ಚಿ ಹಾಗೇ ಬಿಟ್ಟಾಗ. ದಯವಿಟ್ಟು ಆ ಟೇಪ್ ತೆಗೆಯಬೇಡಿ.

ಈಗ ಎಲ್ಲರೂ ಹೇಳುವ ಆ ಒಂದು ದೂರಿಗೆ ಬರುತ್ತೇನೆ. "ರಿಪೀಟರ್ ಲೈಟ್ ಮಿಣುಕುತ್ತೆ, ರೋವರ್ ಮಾತ್ರ ಫ್ಲೋಟಲ್ಲೇ ನಿಂತಿದೆ. ನೀವು ಕೆಟ್ಟಿರೋ ರಿಪೀಟರ್ ಕೊಟ್ಟಿದ್ದೀರಿ." ಫ್ಲೋಟ್ ಅಂದರೆ ಅಳತೆ ಇನ್ನೂ ಪಕ್ಕಾ ಆಗಿಲ್ಲ ಅಂತ, ಸೆಂಟಿಮೀಟರ್ ಮಟ್ಟಕ್ಕೆ ಪಕ್ಕಾ ಆದರೆ ಅದು ಫಿಕ್ಸ್. ಹೀಗೆ ವಾಪಸ್ ಬಂದ ರಿಪೀಟರ್‌ಗಳನ್ನು ನಾವು ಟೇಬಲ್ ಮೇಲಿಟ್ಟು ಬೇರೆ ಬೇಸ್ ಜೊತೆ ನಡೆಸಿ ನೋಡುತ್ತೇವೆ. ಹೆಚ್ಚಿನವು ಏನೂ ತಕರಾರಿಲ್ಲದೆ ಕೆಲಸ ಮಾಡುತ್ತವೆ. ಹಾಗಾದರೆ ಗುಡ್ಡದ ಮೇಲೆ ಏನಾಯಿತು?

ಮೊದಲು ರೋವರ್ ಕಂಟ್ರೋಲರ್‌ನಲ್ಲಿ ಕರೆಕ್ಷನ್ ಏಜ್ ನೋಡಿ, ಅಂದರೆ ಬೇಸ್‌ನಿಂದ ಕೊನೆಗೆ ಬಂದ ತಿದ್ದುಪಡಿ ಎಷ್ಟು ಸೆಕೆಂಡ್ ಹಳೆಯದು ಅಂತ. ಅದು 1-2 ಸೆಕೆಂಡಿನಲ್ಲೇ ಆಡುತ್ತಿದ್ದರೆ ರೇಡಿಯೋ ಸರಿಯಾಗಿದೆ ಅಂತಲೇ ಅರ್ಥ, ರಿಪೀಟರನ್ನು ಬಯ್ಯಬೇಡಿ. ಆಗ ತೊಂದರೆ ಇರುವುದು ನಿಮ್ಮ ತಲೆಯ ಮೇಲೆ. ಹದ್ದುಬಸ್ತು ಮಾಡಲು ಅಡಿಕೆ ತೋಟದ ನಡುವೆ ನಿಂತರೆ ಸೋಗೆ ಉಪಗ್ರಹದ ಸಿಗ್ನಲ್ಲನ್ನೇ ತಡೆಯುತ್ತದೆ. ಎಷ್ಟು ರಿಪೀಟರ್ ಇಟ್ಟರೂ ಫಿಕ್ಸ್ ಬರುವುದಿಲ್ಲ. ಬಯಲಲ್ಲಿ ಎರಡು ಪಾಯಿಂಟ್ ಹಿಡಿದು ಅಲ್ಲಿಂದ ಕೋನ, ದೂರ ಅಳೆಯುವ ಟೋಟಲ್ ಸ್ಟೇಷನ್‌ನಲ್ಲಿ ಒಳಗೆ ಹೋಗುವುದೇ ಕ್ಷೇಮ.

ಏಜ್ 5, 8, 12 ಅಂತ ಏರುತ್ತಾ ಹೋದರೆ ಆಗ ರೇಡಿಯೋ ಕಡೆ ತಿರುಗಿ. ನಾವು ಕೊಡುವ ರಿಪೀಟರ್ ಬೇಸ್ ಹೇಳಿದ್ದನ್ನು ಕೇಳಿಸಿಕೊಂಡು ಅದೇ ಫ್ರೀಕ್ವೆನ್ಸಿಯಲ್ಲಿ ಮತ್ತೆ ಹೇಳುತ್ತದೆ. ದರೆಯ ಮೇಲೆ ನಿಂತವನು ಕೆಳಗಿನ ಗದ್ದೆಯಿಂದ ಬಂದ ಕೂಗನ್ನು ಆಚೆ ಕಣಿವೆಗೆ ಮುಟ್ಟಿಸಿದ ಹಾಗೆ. ಕೆಳಗಿನವನು ಸುಮ್ಮನಾಗದಿದ್ದರೆ ಎರಡು ಕೂಗೂ ಸೇರಿ ಯಾವುದೂ ಅರ್ಥವಾಗುವುದಿಲ್ಲ ಅಲ್ವಾ? ಅದಕ್ಕೇ ರಿಪೀಟರ್ ಇದೆ ಅಂತ ಬೇಸ್‌ಗೂ ಹೇಳಬೇಕು. ಟ್ರಿಮ್‌ಟಾಕ್ ಅನ್ನುವ ರೇಡಿಯೋ ಪ್ರೋಟೋಕಾಲ್ ಬಳಸುವವರು ಬೇಸ್ ರೇಡಿಯೋದಲ್ಲಿ ‘ಒಂದು ರಿಪೀಟರ್ ಇದೆ’ ಅನ್ನುವ ಆಯ್ಕೆ ಹಾಕಬೇಕು. ಇದೊಂದು ಬಿಟ್ಟುಹೋಗಿದ್ದರೂ ಎರಡೂ ಲೈಟ್ ಚೆನ್ನಾಗಿ ಮಿಣುಕುತ್ತವೆ, ರೋವರ್‌ಗೆ ಮಾತ್ರ ಏನೂ ತಲುಪುವುದಿಲ್ಲ.

ಬೇಸ್ ಕಳಿಸುವ ತಿದ್ದುಪಡಿ ಸಂದೇಶದ ಗಾತ್ರವೂ ನೋಡಬೇಕು. ಗಾಳಿಯಲ್ಲಿ ಸೆಕೆಂಡಿಗೆ 9600 ಬಿಟ್ ವೇಗ ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 1200 ಬೈಟ್. ರಿಪೀಟರ್ ಇದ್ದರೆ ಅದೇ ಮಾತು ಎರಡು ಸಲ ಹೋಗಬೇಕು, ಹಾಗಾಗಿ ನಿಮ್ಮ ಪಾಲಿಗೆ ಉಳಿಯುವುದು ಅರ್ಧ, 600 ಬೈಟ್. 30 ಉಪಗ್ರಹ, ತಲಾ ಎರಡು ಸಿಗ್ನಲ್ ಅಂದರೆ ಹೆಚ್ಚು ವಿವರ ಹೊತ್ತ ಎಂಎಸ್‌ಎಂ7 ಮಾದರಿಯ ಸಂದೇಶ 700 ಬೈಟ್ ದಾಟುತ್ತದೆ, ಅಷ್ಟರಲ್ಲಿ ಹಿಡಿಸುವುದಿಲ್ಲ. ಅದರ ಚಿಕ್ಕ ಮಾದರಿ ಎಂಎಸ್‌ಎಂ4 ಹಾಕಿದರೆ 500ರ ಆಸುಪಾಸಿಗೆ ಇಳಿಯುತ್ತದೆ. ರಿಪೀಟರ್ ಇಲ್ಲದೆ ಚೆನ್ನಾಗಿ ನಡೆಯುತ್ತಿದ್ದ ಸೆಟ್, ರಿಪೀಟರ್ ಹಾಕಿದ ಕೂಡಲೇ ಹಾಳಾಯಿತು ಅನಿಸುವುದು ಬಹಳ ಸಲ ಇದಕ್ಕೇ.

ಕೆಲವರು ಪವರ್ ಜಾಸ್ತಿ ಮಾಡಿ ಅನ್ನುತ್ತಾರೆ. ನಡುವೆ ಗುಡ್ಡ ನಿಂತಿದ್ದರೆ ಪವರ್ ಏರಿಸಿ ಪ್ರಯೋಜನವಿಲ್ಲ, ಬ್ಯಾಟರಿ ಬೇಗ ಇಳಿಯುತ್ತದೆ ಅಷ್ಟೇ. ಬೇಸ್ ಕಡೆಯೂ ರೋವರ್ ಕಡೆಯೂ ಕಾಣುವ ದಿಬ್ಬ ಹುಡುಕಿ ಅಲ್ಲಿ ರಿಪೀಟರ್ ಇಡಿ. ಅದನ್ನು ಗೂಟದ ಮೇಲೆ ಸೆಂಟರ್ ಮಾಡುವ ಅಗತ್ಯವಿಲ್ಲ, ಮರಕ್ಕೆ ಕಟ್ಟಿದರೂ ನಡೆಯುತ್ತದೆ. ಆಂಟೆನಾ ಮಾತ್ರ ಎಲೆಗಳಿಂದ ಹೊರಗಿರಲಿ, ಮಳೆಗೆ ನೆನೆದ ಸೊಪ್ಪು ಸಿಗ್ನಲ್ ನುಂಗುತ್ತದೆ. ಆಂಟೆನಾ ಎತ್ತರಿಸಲು ಕೈಗೆ ಸಿಕ್ಕ ಸಪೂರ ಕೇಬಲ್ ಜೋಡಿಸಬೇಡಿ. ಆರ್‌ಜಿ58 ಕೇಬಲ್ 10 ಮೀಟರ್ ಹಾಕಿದರೆ ಸುಮಾರು ಅರ್ಧ ಪವರ್ ದಾರಿಯಲ್ಲೇ ಹೋಗುತ್ತದೆ.

ಇನ್ನು ಮುಂದೆ ಬೇಸ್, ರಿಪೀಟರ್, ರೋವರ್ ಮೂರಕ್ಕೂ ಫ್ರೀಕ್ವೆನ್ಸಿ, ಪ್ರೋಟೋಕಾಲ್, ಚಾನೆಲ್ ಅಗಲ ಒಂದೇ ಇಟ್ಟು, ನಿಮ್ಮ ಕಣ್ಣೆದುರೇ ರಿಪೀಟರ್ ಮೂಲಕ ಫಿಕ್ಸ್ ತೋರಿಸಿ ಕೊಡುತ್ತೇವೆ. 500 ರೂಪಾಯಿ ಈ ಕೆಲಸಕ್ಕೆ. ಇಷ್ಟು ತಾಳ್ಮೆಯಿಂದ ಸೆಟ್ ಮಾಡಿಕೊಡುವವರು ನಮ್ಮ ಕಡೆ ಕಡಿಮೆ, ಈ ಮಾತು ಹೆಮ್ಮೆಯಿಂದಲೇ ಹೇಳುತ್ತೇನೆ. ಕೊಟ್ಟ ಮೇಲೆ ಸೆಟ್ಟಿಂಗ್ ಬದಲಿಸಬೇಕೆನಿಸಿದರೆ ಮೊದಲು ಒಂದು ಫೋನ್ ಮಾಡಿ.

ಎಲ್ಲ ಕಡೆಗೂ ರಿಪೀಟರ್ ಬೇಕಾಗಿಲ್ಲ. ಮೊಬೈಲ್ ನೆಟ್‌ವರ್ಕ್ ಚೆನ್ನಾಗಿರುವ ಜಾಗದಲ್ಲಿ ಸರ್ವೆ ಆಫ್ ಇಂಡಿಯಾದ ಕಾರ್ಸ್ ಸೇವೆಯಿಂದಲೇ (ಕಾಯಂ ಬೇಸ್‌ಗಳ ತಿದ್ದುಪಡಿಯನ್ನು ಇಂಟರ್ನೆಟ್‌ನಲ್ಲಿ ಕೊಡುವ ಸೇವೆ) ಕೆಲಸ ಮುಗಿಯುತ್ತದೆ. ಅಂಥ ಕಡೆಗೆ ಹೊರಟವರಿಗೆ ನಾವೇ "ರಿಪೀಟರ್ ಬೇಡ ಬಿಡಿ" ಅನ್ನುತ್ತೇವೆ.

ಈಗಾಗಲೇ ಬುಕ್ ಮಾಡಿದವರಿಗೆ ಹಳೆಯ ಲೆಕ್ಕವೇ. ಫೋನಿನಲ್ಲಿ ಕೇಳಿದ್ದಕ್ಕೆ ಮೊದಲಿನ ಹಾಗೆ ದುಡ್ಡಿಲ್ಲ. ಭಾನುವಾರವಾದರೂ ಸರಿ, ಗುಡ್ಡದ ಮೇಲಿಂದಲೇ ಮಾಡಿ, ನಾನೇ ಎತ್ತುತ್ತೇನೆ. ಏಜ್ ಎಷ್ಟಿದೆ ಅಂತ ನೋಡಿಕೊಂಡಿರಿ, ಮೊದಲು ಅದನ್ನೇ ಕೇಳುತ್ತೇನೆ.

ನಿಮ್ಮ ವಿಶ್ವಾಸಿ,
ಸರ್ವೆ ಉಪಕರಣ ಬಾಡಿಗೆ ಮತ್ತು ರಿಪೇರಿ ಅಂಗಡಿ, ಶಿವಮೊಗ್ಗ